ಅಮ್ಮನಿಗೆ ಹೇಳದೆ ಕೊಂಡ ದೋಣಿ

"ನಿನ್ನ ಹಿಂದೆ ಅದೆಂತದಾ, ಹಸಿರು ಬಣ್ಣದ್ದು?"

ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಮ್ಮನ ಕಣ್ಣಿಂದ ಏನೂ ತಪ್ಪಿಸಿಕೊಳ್ಳೋದಿಲ್ಲ. ನಾನೆಷ್ಟು ಸಣ್ಣಗಾಗಿದ್ದೇನೆ, ಒಲೆ ಮೇಲೆ ಏನಿದೆ, ಮೂಲೆಯಲ್ಲಿ ಒಗೆಯದ ಬಟ್ಟೆ ಎಷ್ಟು ಬಿದ್ದಿದೆ, ಎಲ್ಲವನ್ನೂ ತೀರ್ಥಹಳ್ಳಿಯಲ್ಲಿ ಕೂತೇ ಲೆಕ್ಕ ಹಾಕುತ್ತಾಳೆ. ಆವತ್ತು ನಾನು ಆಸ್ಟಿನ್‌ನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ನಿಂತು ಮಾತಾಡುತ್ತಿದ್ದೆ. ಬೆನ್ನ ಹಿಂದೆ ಹನ್ನೆರಡು ಅಡಿ ಉದ್ದದ ಕಯಾಕ್ ಗೋಡೆಗೆ ಒರಗಿ ನಿಂತಿತ್ತು. ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು.

"ಪಕ್ಕದ ಮನೆಯವರದ್ದಮ್ಮಾ. ಏನೋ ಸಾಮಾನು, ಇಟ್ಕೋ ಅಂದಿದ್ದಾರೆ."

ಮೂವತ್ತು ವರ್ಷ ವಯಸ್ಸಾಗಿದೆ, ಕೈತುಂಬ ಸಂಬಳವಿದೆ, ತಂಡದಲ್ಲಿ ಹುಡುಗರಿಗೆ ಕೋಡ್ ರಿವ್ಯೂ ಮಾಡಿ ಬುದ್ಧಿ ಹೇಳುತ್ತೇನೆ. ಆದರೂ ಒಂದು ದೋಣಿ ಕೊಂಡ ವಿಷಯವನ್ನು ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಕಾರಣ ನಾನು ನೋಡೇ ಇರದ ನನ್ನ ಸಣ್ಣ ಮಾವ.

ಅಮ್ಮನ ತಮ್ಮ. ನಾನು ಹುಟ್ಟುವ ಮೊದಲೇ, ಒಂದು ಮಳೆಗಾಲದಲ್ಲಿ, ತುಂಗೆಯನ್ನು ದಾಟುವಾಗ ದೋಣಿ ಮಗುಚಿತು. ಮೂವರಲ್ಲಿ ಇಬ್ಬರು ಬಂದರು, ಮಾವ ಬರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ಹೆಚ್ಚು ಕೇಳಿದರೆ ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಲ್ಲಿಂದ ಮನೆಯಲ್ಲಿ ಒಂದೇ ಕಾನೂನು: ಮೊಣಕಾಲಿನ ಮೇಲೆ ನೀರು ಬರುವ ಕಡೆ ಯಾರೂ ಹೋಗಬಾರದು. ಹೊಳೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಬೆಳೆದ ನಾನು ಈಜು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ, ಟೆಕ್ಸಸ್‌ನ ಒಂದು ಈಜುಕೊಳದಲ್ಲಿ, ಆರೇಳು ವರ್ಷದ ಮಕ್ಕಳ ಪಕ್ಕದಲ್ಲಿ. ಈಗಲೂ ಎರಡು ಸುತ್ತು ಹೊಡೆದರೆ ಏದುಸಿರು.

ಊರಿನ ನಡುವಿನ ಕೆರೆ

ಆಸ್ಟಿನ್‌ಗೆ ಬಂದವರು ಮೊದಲು ನೋಡುವುದೇ ಲೇಡಿ ಬರ್ಡ್ ಲೇಕ್. ಹೆಸರಿಗೆ ಲೇಕ್, ನಿಜಕ್ಕೆ ಅದು ಕೊಲೊರಾಡೊ ನದಿ. ಗ್ರ್ಯಾಂಡ್ ಕ್ಯಾನಿಯನ್ ಕೊರೆದ ಕೊಲೊರಾಡೊ ಅಲ್ಲ ಇದು. ಟೆಕ್ಸಸ್‌ನಲ್ಲೇ ಹುಟ್ಟಿ ಟೆಕ್ಸಸ್‌ನಲ್ಲೇ ಸಮುದ್ರ ಸೇರುವ ಬೇರೆ ನದಿ. 1960ರಲ್ಲಿ ಲಾಂಗ್‌ಹಾರ್ನ್ ಅಣೆಕಟ್ಟು ಕಟ್ಟಿದ್ದರಿಂದ ಊರಿನ ನಡುವೆ ನೀರು ನಿಂತಿತು. ದಡದಲ್ಲಿದ್ದ ವಿದ್ಯುತ್ ಸ್ಥಾವರವನ್ನು ತಂಪು ಮಾಡಲು ನೀರು ಬೇಕಿತ್ತು, ಅದಕ್ಕಾಗಿ ಕಟ್ಟಿದ್ದು. ಮೊದಲು ಟೌನ್ ಲೇಕ್ ಅಂತ ಹೆಸರು. ದಡದಲ್ಲಿ ಗಿಡಮರ ನೆಡಿಸಿ, ಕಾಲುದಾರಿ ಮಾಡಿಸಲು ಓಡಾಡಿದವರು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಹೆಂಡತಿ ಲೇಡಿ ಬರ್ಡ್. ಬದುಕಿದ್ದಾಗ ತಮ್ಮ ಹೆಸರಿಡಲು ಒಪ್ಪದ ಅವರು 2007ರಲ್ಲಿ ತೀರಿಕೊಂಡ ಮೇಲೆ ಕೆರೆಗೆ ಅವರ ಹೆಸರು ಬಂತು.

ಈಗ ಕೆರೆಯ ಸುತ್ತ ಸುಮಾರು ಹತ್ತು ಮೈಲಿ ಉದ್ದದ ಕಾಲುದಾರಿ ಇದೆ. ಪೆಟ್ರೋಲ್ ಮೋಟಾರಿನ ದೋಣಿಗಳಿಗೆ ಪ್ರವೇಶವಿಲ್ಲ. ಈಜುವುದಕ್ಕೂ ನಿಷೇಧ. ಹಾಗಾಗಿ ನೀರಿನ ಮೇಲೆ ಕಾಣುವುದೆಲ್ಲ ಹುಟ್ಟು ಹಾಕುವವರು, ನಿಂತು ಹಲಗೆ ನಡೆಸುವವರು, ಮರದ ದಿಮ್ಮಿಯ ಮೇಲೆ ಸಾಲಾಗಿ ಬಿಸಿಲು ಕಾಯುವ ಆಮೆಗಳು.

ಕೆಲಸ ಮುಗಿಸಿ ಅಲ್ಲಿ ಓಡಲು ಹೋಗುತ್ತಿದ್ದೆ. ಒಂದು ಸಂಜೆ ಸೇತುವೆಯ ಮೇಲಿಂದ ಕೆಳಗೆ ನೋಡಿದರೆ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತ ಹಾಗೆ ದೋಣಿಯಲ್ಲಿ ಕೂತಿದ್ದಾನೆ. ಕೈಯಲ್ಲಿ ಹುಟ್ಟಿಲ್ಲ, ಗಾಳದ ಕೋಲು ಇದೆ. ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತಿದ್ದಾನೆ. ದೋಣಿ ಸದ್ದಿಲ್ಲದೆ ಸೇತುವೆಯ ಕಂಬದ ನೆರಳಿಗೆ ಹೋಯಿತು, ಅಲ್ಲೇ ನಿಂತಿತು, ಸ್ವಲ್ಪ ಹಿಂದೆ ಸರಿಯಿತು. ಅವನು ಗಾಳ ಎಸೆದ, ಎಳೆದ. ಅರ್ಧ ಗಂಟೆ ನಿಂತು ನೋಡಿದೆ. ಅವತ್ತಿನ ಓಟ ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ರಾತ್ರಿ ಒಂದು ಗಂಟೆವರೆಗೆ ವಿಡಿಯೋ ನೋಡಿದೆ. ಆಮೇಲೆ ಎರಡು ತಿಂಗಳು ಅದೇ ಕೆಲಸ. ಎಂಜಿನಿಯರ್‌ಗಳ ರೋಗ ನಿಮಗೆ ಗೊತ್ತಲ್ಲ, ವಸ್ತು ಕೊಳ್ಳುವ ಮೊದಲು ಎಕ್ಸೆಲ್ ಶೀಟ್ ಬೇಕು.

ರೆಕ್ಕೆಯೋ, ಚಕ್ರವೋ?

ಪೆಡಲ್ ಕಯಾಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ದೋಣಿಯ ಅಡಿಗೆ ಎರಡು ರೆಕ್ಕೆಗಳಿರುತ್ತವೆ. ಎಡಗಾಲು, ಬಲಗಾಲು ಒಂದಾದ ಮೇಲೊಂದು ಮುಂದಕ್ಕೆ ಒತ್ತಿದರೆ ಅವು ಪೆಂಗ್ವಿನ್ ರೆಕ್ಕೆಯ ಹಾಗೆ ಅತ್ತಿತ್ತ ಬೀಸುತ್ತವೆ. ಹೋಬಿ ಎಂಬ ಅಮೆರಿಕದ ಕಂಪನಿ 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನೀರು ಕಡಿಮೆ ಇರುವ ಕಡೆ ರೆಕ್ಕೆಗಳನ್ನು ದೋಣಿಯ ಹೊಟ್ಟೆಗೆ ಅಂಟಿಸಿಕೊಂಡು ಹೋಗಬಹುದು. ಇನ್ನೊಂದು ಬಗೆಯಲ್ಲಿ ಸೈಕಲ್‌ನ ಹಾಗೆ ಪೆಡಲ್ ಸುತ್ತಬೇಕು, ಕೆಳಗೆ ಪ್ರೊಪೆಲ್ಲರ್ ತಿರುಗುತ್ತದೆ. ಪೆಡಲ್ ಒಂದು ಸುತ್ತು ಬಂದರೆ ಪ್ರೊಪೆಲ್ಲರ್ ಸುಮಾರು ಹತ್ತು ಸುತ್ತು. ಇದರ ದೊಡ್ಡ ಅನುಕೂಲ ಅಂದರೆ ಪೆಡಲ್ ಹಿಂದಕ್ಕೆ ತುಳಿದ ಕೂಡಲೇ ದೋಣಿಯೂ ಹಿಂದಕ್ಕೆ ಹೋಗುತ್ತದೆ. ಅನನುಕೂಲ, ಪ್ರೊಪೆಲ್ಲರ್ ಯಾವಾಗಲೂ ನೀರಿನೊಳಗೆ ಇಳಿಬಿದ್ದಿರುತ್ತದೆ. ಕಲ್ಲಿಗೆ, ಬೇರಿಗೆ ತಾಗುತ್ತದೆ, ಜೊಂಡಿಗೆ ಸುತ್ತಿಕೊಳ್ಳುತ್ತದೆ.

ನಾನು ಪ್ರೊಪೆಲ್ಲರ್ ಇರುವುದನ್ನೇ ಆರಿಸಿದೆ. ಆ ಸಂಜೆ ಸೇತುವೆಯ ಕೆಳಗೆ ಆ ಮನುಷ್ಯ ಹಿಂದೆ ಸರಿದದ್ದು ಕಣ್ಣಲ್ಲಿ ನಿಂತಿತ್ತು. ಅಂಗಡಿಯಲ್ಲಿ ಹೊರಗಿಟ್ಟಿದ್ದ ಒಂದನ್ನು ರಿಯಾಯಿತಿಯಲ್ಲಿ ಕೊಟ್ಟರು. ಆದರೂ ಎರಡು ಸಾವಿರ ಡಾಲರ್ ಹತ್ತಿರ ಆಯಿತು. ರೂಪಾಯಿಗೆ ಪರಿವರ್ತಿಸಿ ನೋಡುವ ಚಟ ಇನ್ನೂ ಹೋಗಿಲ್ಲ, ಆವತ್ತು ಮಾತ್ರ ಪರಿವರ್ತಿಸಲಿಲ್ಲ.

ಮೊದಲ ಪಾಠ ಅಂಗಡಿಯ ಪಾರ್ಕಿಂಗ್‌ನಲ್ಲೇ ಸಿಕ್ಕಿತು: ತೂಕ. ಸೀಟು, ಪೆಡಲ್ ಯಂತ್ರ ಎಲ್ಲ ಸೇರಿ ಐವತ್ತು ಕಿಲೋ ಹತ್ತಿರ. ವಿಡಿಯೋಗಳಲ್ಲಿ ದೋಣಿಯನ್ನು ಹೂವಿನ ಹಾಗೆ ಕಾರಿನ ಮೇಲಿಡುತ್ತಾರೆ, ನನ್ನ ಕೈಯಲ್ಲಿ ಅದು ಎತ್ತಿನಗಾಡಿ ಆಗಿತ್ತು. ಹಾಸನ ಕಡೆಯ ಗೆಳೆಯನೊಬ್ಬನ ಹತ್ತಿರ ಪಿಕಪ್ ಟ್ರಕ್ ಇದೆ. ಅವನನ್ನು ಬಿರಿಯಾನಿ ಕೊಡಿಸುತ್ತೇನೆ ಅಂತ ಕರೆಸಿದೆ. ನೀವೂ ಕೊಳ್ಳುವ ಯೋಚನೆ ಮಾಡಿದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ವೇಗದ್ದಲ್ಲ, ಮೀನಿನದ್ದೂ ಅಲ್ಲ. ಇದನ್ನು ಒಬ್ಬನೇ ನೀರಿನವರೆಗೆ ಹೇಗೆ ಒಯ್ಯಲಿ ಅನ್ನುವುದು. ಕೊನೆಗೆ ಎರಡು ಚಕ್ರದ ಸಣ್ಣ ತಳ್ಳುಗಾಡಿ ಕೊಂಡೆ. ಸೀಟು, ಪೆಡಲ್ ಎರಡನ್ನೂ ಬಿಚ್ಚಿ ಬೇರೆ ಒಯ್ಯುವುದು ಕಲಿತೆ.

ಟೆಕ್ಸಸ್‌ನಲ್ಲಿ ಮೋಟಾರಿಲ್ಲದ ಕಯಾಕ್‌ಗೆ ನೋಂದಣಿ ಬೇಡ. ಮೀನು ಹಿಡಿಯಲು ಮಾತ್ರ ಲೈಸೆನ್ಸ್ ಬೇಕೇ ಬೇಕು. ಸಿಹಿನೀರಿನದ್ದಕ್ಕೆ ಇಲ್ಲಿಯೇ ವಾಸವಿರುವವರಿಗೆ 30 ಡಾಲರ್, ನಾನು ತೆಗೆದುಕೊಂಡಾಗ. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು ಅನ್ನುವುದು ಕಾನೂನು. ಹದಿಮೂರು ವರ್ಷದೊಳಗಿನ ಮಕ್ಕಳು ಅದನ್ನು ಹಾಕಿಕೊಂಡೇ ಇರಬೇಕು. ದೊಡ್ಡವರು ದೋಣಿಯಲ್ಲಿ ಇಟ್ಟುಕೊಂಡರೂ ಕಾನೂನಿಗೆ ಸಾಕು. ನೀರಿಗೆ ಅಷ್ಟು ಸಾಕಾಗುವುದಿಲ್ಲ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು.

ಬೆರಳಷ್ಟು ಬಿರಡೆ

ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ ಫೆಸ್ಟಿವಲ್ ಬೀಚ್‌ನ ರ‍್ಯಾಂಪಿಗೆ ಹೋದೆ. ಹೆಸರು ಬೀಚ್ ಆದರೂ ಮರಳಿಲ್ಲ. ಕೆರೆಯ ಉತ್ತರ ದಡದಲ್ಲಿ ಕಾಂಕ್ರೀಟಿನ ಇಳಿಜಾರು. ಹಳೇ ವಿದ್ಯುತ್ ಸ್ಥಾವರ ಇದ್ದದ್ದು ಇಲ್ಲೇ ಹತ್ತಿರ. 2007ರಲ್ಲಿ ಮುಚ್ಚಿತು. ಯಾವುದಕ್ಕಾಗಿ ಕೆರೆ ಕಟ್ಟಿದರೋ ಅದು ಹೋಗಿದೆ, ಕೆರೆ ಉಳಿದಿದೆ.

ದೋಣಿಯನ್ನು ಅರ್ಧ ನೀರಿಗೆ ಇಳಿಸಿದ್ದೆ. ಪಕ್ಕದಲ್ಲಿ ಹಳೇ ಅಲ್ಯುಮಿನಿಯಂ ದೋಣಿ ಕಟ್ಟುತ್ತಿದ್ದ ಬಿಳಿಗಡ್ಡದ ಅಜ್ಜ ನನ್ನನ್ನೇ ನೋಡುತ್ತಿದ್ದ. ಹೊಸಬ ಅಂತ ಗೊತ್ತಾಗಲು ಅವನಿಗೆ ಕಷ್ಟವಾಗಿರಲಿಕ್ಕಿಲ್ಲ, ಜಾಕೆಟ್‌ನ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

"ಪ್ಲಗ್ ಹಾಕಿದೀಯಾ ಮಗನೇ?" ಅಂದ.

ಯಾವ ಪ್ಲಗ್? ಅಜ್ಜ ದೋಣಿಯ ಹಿಂಬದಿಗೆ ಬೆರಳು ತೋರಿಸಿದ. ಒಳಗೆ ಸೇರಿದ ನೀರನ್ನು ಹೊರಬಿಡಲು ಒಂದು ರಂಧ್ರ, ಅದಕ್ಕೊಂದು ಬಿರಡೆ. ಹೆಬ್ಬೆರಳಿನ ತುದಿಯಷ್ಟು. ಅದು ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಮ್ಯಾನುಯಲ್‌ನ ಕವರಿನೊಳಗೆ ಭದ್ರವಾಗಿತ್ತು.

ಇಲ್ಲಿ ಸ್ವಲ್ಪ ವಿವರ ಬೇಕು. ಈ ಬಗೆಯ ಕಯಾಕ್‌ನಲ್ಲಿ ನಾವು ದೋಣಿಯೊಳಗೆ ಕೂರುವುದಿಲ್ಲ, ಮೇಲೆ ಕೂರುತ್ತೇವೆ. ಕೂರುವ ಜಾಗದಲ್ಲಿ ಆರಪಾರ ತೂತುಗಳಿರುತ್ತವೆ, ಅಲೆ ಬಡಿದು ಒಳಬಂದ ನೀರು ಅದರಿಂದಲೇ ಕೆಳಗೆ ಇಳಿದುಹೋಗುತ್ತದೆ. ಆ ತೂತು ನೋಡಿ ಹೆದರಬೇಕಿಲ್ಲ. ಹೆದರಬೇಕಾದ್ದು ಟೊಳ್ಳಾದ ಹೊಟ್ಟೆಯೊಳಗೆ ನೀರು ಸೇರುವುದಕ್ಕೆ. ಅಲ್ಲಿ ಗಾಳಿ ಇರುವವರೆಗೆ ದೋಣಿ ಮಗುಚಿದರೂ ತೇಲುತ್ತದೆ. ನೀರು ತುಂಬಿದರೆ ಗೊತ್ತೇ ಆಗದ ಹಾಗೆ ಭಾರವಾಗಿ, ಓಲಾಡಲು ಶುರುಮಾಡುತ್ತದೆ. ಎರಡು ಸಾವಿರ ಡಾಲರಿನ ದೋಣಿ ನಿಂತಿರುವುದು ಆ ಬೆರಳಷ್ಟು ಬಿರಡೆಯ ಮೇಲೆ. ಪ್ರೊಡಕ್ಷನ್‌ನಲ್ಲಿ ಒಂದು ಸೆಮಿಕೋಲನ್ ಬಿಟ್ಟ ಹಾಗೆ.

ಅಂತೂ ಹೊರಟೆ. ಸೀಟು ಸರಿಮಾಡಿಕೊಂಡೆ. ಕಾಲು ಪೂರ್ತಿ ಚಾಚಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಸೈಕಲ್ ಸೀಟಿನ ಲೆಕ್ಕವೇ. ಎಡಗೈ ಹತ್ತಿರ ಚುಕ್ಕಾಣಿಯ ಹಿಡಿ. ಹತ್ತು ನಿಮಿಷದಲ್ಲಿ ಕೈಗೆ ಅಭ್ಯಾಸವಾಯಿತು. ನಡೆಯುವುದಕ್ಕಿಂತ ತುಸು ಹೆಚ್ಚು ವೇಗ, ಸದ್ದಿಲ್ಲ, ಎರಡೂ ಕೈ ಖಾಲಿ. ಐ-35 ಹೆದ್ದಾರಿಯ ಸೇತುವೆಯ ಕೆಳಗೆ ಹಾದುಹೋಗುವಾಗ ಮೇಲೆ ಟ್ರಾಫಿಕ್ ಗುಡುಗುತ್ತಿತ್ತು. ವಾರವಿಡೀ ಅದೇ ಟ್ರಾಫಿಕ್‌ನಲ್ಲಿ ನಾನಿರುತ್ತೇನೆ. ಜೋರಾಗಿ ನಗು ಬಂತು.

ಪಶ್ಚಿಮಕ್ಕೆ ಎಷ್ಟು ಸಲೀಸಾಗಿ ಹೋದೆನೆಂದರೆ ನನ್ನ ಕಾಲಿನ ಬಗ್ಗೆ ನನಗೇ ಹೆಮ್ಮೆ ಅನ್ನಿಸಿತು. ವಾಪಸ್ ತಿರುಗಿದಾಗ ನಿಜ ತಿಳಿಯಿತು. ವಸಂತದಲ್ಲಿ ಇಲ್ಲಿ ಆಗ್ನೇಯ ದಿಕ್ಕಿನಿಂದ ಜೋರು ಗಾಳಿ. ಅಷ್ಟು ಹೊತ್ತೂ ದೋಣಿ ತಳ್ಳಿದ್ದು ನನ್ನ ಕಾಲಲ್ಲ, ಬೆನ್ನಿಗಿದ್ದ ಗಾಳಿ. ಈಗ ಅದು ಮುಖಕ್ಕೆ. ಸಣ್ಣ ಅಲೆಗಳು ಮೂತಿಗೆ ಬಡಿಯತೊಡಗಿದವು. ಜೊತೆಗೆ ಪೆಡಲ್ ಇದ್ದಕ್ಕಿದ್ದಂತೆ ಬಿಗಿಯಾಯಿತು. ಯಾರೋ ಕಡಿದು ಬಿಟ್ಟಿದ್ದ ಗಾಳದ ದಾರ ಪ್ರೊಪೆಲ್ಲರ್‌ಗೆ ಸುತ್ತಿಕೊಂಡಿತ್ತು. ಯಂತ್ರವನ್ನು ಮೇಲಕ್ಕೆ ಮಡಚಿ, ದಾರ ಬಿಡಿಸುವ ಐದು ನಿಮಿಷದಲ್ಲಿ ದೋಣಿ ಅಡ್ಡ ತಿರುಗಿ, ಅಷ್ಟು ಹೊತ್ತು ತುಳಿದ ದೂರವನ್ನೆಲ್ಲ ಹಿಂದಕ್ಕೆ ಕೊಟ್ಟಿತು. ಕೈ ನಡುಗುತ್ತಿತ್ತು. ದಡ ಎಪ್ಪತ್ತು ಎಂಬತ್ತು ಮೀಟರ್ ಇರಬಹುದು, ಅಂದರೆ ನನ್ನ ಈಜುಕೊಳದ ಮೂರು ಸುತ್ತು. ನನಗೆ ಬರುವುದು ಎರಡು.

ಆವತ್ತು ಮೀನು ಇರಲಿ, ಗಾಳವನ್ನೇ ಬಿಚ್ಚಲಿಲ್ಲ. ದಡಕ್ಕೆ ಬಂದಾಗ ಅಜ್ಜ ಇನ್ನೂ ಅಲ್ಲೇ ಇದ್ದ. ಹೇಳಿದೆ. ಅವನು ಹೇಳಿದ ಮಾತು ಈಗ ನನ್ನ ಗ್ಯಾರೇಜಿನ ಗೋಡೆಯ ಮೇಲಿದೆ: ಹೋಗುವಾಗ ಗಾಳಿಗೆ ಎದುರು ಹೋಗು, ಬರುವಾಗ ಅದೇ ನಿನ್ನನ್ನು ಮನೆಗೆ ತರುತ್ತದೆ.

ಬೇಕಂತಲೇ ಬಿದ್ದ ದಿನ

ಆ ಭಾನುವಾರ ಅಮ್ಮ ಕೇಳಿದಳು, "ಎಂತ, ಮುಖ ಸಪ್ಪೆ ಇದ್ಯಲ್ಲ?" ಆಫೀಸಿನ ಕೆಲಸ ಅಂದೆ. ಎರಡನೇ ಸುಳ್ಳು.

ಆದರೆ ನನ್ನೊಳಗೆ ಒಂದು ಪ್ರಶ್ನೆ ಕೂತುಬಿಟ್ಟಿತ್ತು. ಮಗುಚಿದ್ದರೆ? ವಿಡಿಯೋದಲ್ಲಿ ನೋಡಿದ್ದೆ, ಮಗುಚಿದ ಕಯಾಕ್‌ಗೆ ನೀರಿನಿಂದಲೇ ಮತ್ತೆ ಹತ್ತುವುದು ಹೇಗೆ ಅಂತ. ನೋಡುವುದು ಬೇರೆ. ಲೇಡಿ ಬರ್ಡ್‌ನಲ್ಲಿ ಬೇಕಂತಲೇ ನೀರಿಗೆ ಬೀಳುವ ಹಾಗಿಲ್ಲ, ಈಜು ನಿಷೇಧ. ಹಾಗಾಗಿ ಜೂನ್‌ನಲ್ಲಿ, ನೀರು ಬೆಚ್ಚಗಾದ ಮೇಲೆ, ಹಾಸನದ ಗೆಳೆಯನನ್ನು ಕರೆದುಕೊಂಡು ಲೇಕ್ ಟ್ರ್ಯಾವಿಸ್‌ಗೆ ಹೋದೆ. ಅದೇ ನದಿಯ ಮೇಲ್ಭಾಗದಲ್ಲಿ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟಿನ ಹಿಂದೆ ನಿಂತ ದೊಡ್ಡ ಜಲಾಶಯ. ಪೇಸ್ ಬೆಂಡ್ ಪಾರ್ಕಿನಲ್ಲಿ ಸುಣ್ಣಕಲ್ಲಿನ ಬಂಡೆಗಳ ನಡುವೆ ಸಣ್ಣ ಸಣ್ಣ ಕೊಲ್ಲಿಗಳಿವೆ. ಗಾಳಿ ತಾಗದು, ಈಜಬಹುದು, ನೀರು ಮಾತ್ರ ಆಳ.

ಗಾಳ, ಡಬ್ಬಿ ಎಲ್ಲ ದಡದಲ್ಲಿಟ್ಟೆ. ಜಾಕೆಟ್ ಬಿಗಿಮಾಡಿದೆ. ಗೆಳೆಯ ಬಾಡಿಗೆಯ ಕಯಾಕ್‌ನಲ್ಲಿ ಪಕ್ಕದಲ್ಲಿದ್ದ. "ಬೀಳೋ ಮಾರಾಯ, ಬಿರಿಯಾನಿ ತಣ್ಣಗಾಗ್ತದೆ" ಅಂದ. ಹತ್ತು ನಿಮಿಷ ಅಂಚಿನಲ್ಲೇ ಕೂತಿದ್ದೆ. ಆಮೇಲೆ ಒಂದು ಬದಿಗೆ ವಾಲಿ, ದೋಣಿಯನ್ನೂ ಎಳೆದುಕೊಂಡು ಬಿದ್ದೆ.

ಮೂಗಿಗೆ ನೀರು, ಕಿವಿಗೆ ನೀರು, ಕಾಲಿಗೆ ನೆಲ ಸಿಗಲಿಲ್ಲ. ಜಾಕೆಟ್ ಎಳೆದು ಮೇಲಕ್ಕೆ ತಂದಿತು. ಎದುರಿಗೆ ದೋಣಿ ಬೋರಲಾಗಿ, ಪ್ರೊಪೆಲ್ಲರ್ ಆಕಾಶಕ್ಕೆ ಮಾಡಿಕೊಂಡು ತೇಲುತ್ತಿತ್ತು. ಆ ಕ್ಷಣ ನನಗೆ ಅನ್ನಿಸಿದ್ದು ಒಂದೇ: ದಡಕ್ಕೆ ಹೋಗಿಬಿಡಬೇಕು. ಬಂಡೆ ಅಲ್ಲೇ ಕಾಣುತ್ತಿದೆ, ಇಪ್ಪತ್ತು ಮಾರು ಇರಬಹುದು. ಕೈ ಆ ಕಡೆಗೇ ಬೀಸತೊಡಗಿತ್ತು. "ದೋಣಿ ಬಿಡಬೇಡ!" ಅಂತ ಗೆಳೆಯ ಕೂಗಿದ. ತಿರುಗಿ ಹಿಡಿದುಕೊಂಡೆ.

ಹತ್ತುವ ಕ್ರಮ ಹೀಗೆ. ಮೊದಲು ದೋಣಿಯ ಮೇಲೆ ಕೈ ಚಾಚಿ ಆಚೆ ಅಂಚನ್ನು ಹಿಡಿದು, ಹಿಂದಕ್ಕೆ ಜೋತುಬಿದ್ದು, ಮೈಭಾರದಿಂದ ಅದನ್ನು ನೆಟ್ಟಗೆ ಮಾಡಬೇಕು. ಆಮೇಲೆ ಪಕ್ಕದಲ್ಲಿ ಮಲಗಿದ ಹಾಗೆ ತೇಲಿ, ಕಾಲು ಜೋರಾಗಿ ಬಡಿದು, ಹೊಟ್ಟೆಯನ್ನು ದೋಣಿಯ ಮೇಲೆ ಜಾರಿಸಬೇಕು. ನೇರವಾಗಿ ಮೇಲಕ್ಕೆ ಹತ್ತಲು ಹೋದರೆ ದೋಣಿ ನಮ್ಮ ಮೇಲೇ ಬೀಳುತ್ತದೆ. ಹೊಟ್ಟೆ ಮೇಲೆ ಬಂದ ಮೇಲೆ ಹೊರಳಿ ಕೂರಬೇಕು, ಕೊನೆಗೆ ಕಾಲು ಒಳಗೆ. ಹೊಟ್ಟೆ, ಕುಂಡೆ, ಕಾಲು, ಇದೇ ಕ್ರಮ.

ಮೊದಲ ಸಲ ದೋಣಿ ತಿರುಗಲೇ ಇಲ್ಲ. ಎರಡನೇ ಸಲ ತಿರುಗಿತು, ನಾನು ಹತ್ತಲಾಗಲಿಲ್ಲ. ಮೂರನೇ ಸಲ ಹತ್ತಿ ಆ ಕಡೆಗೆ ಬಿದ್ದೆ. ನಾಲ್ಕನೇ ಸಲಕ್ಕೆ ಕೈ ಸೋತು ಬರೀ ದೋಣಿ ಹಿಡಿದು ತೇಲಿದೆ. ಆಗ ಗೊತ್ತಾಯಿತು, ಹಿಡಿದು ತೇಲುವುದಕ್ಕೆ ಶಕ್ತಿಯೇ ಬೇಡ. ಜಾಕೆಟ್ ಇದೆ, ದೋಣಿ ಇದೆ. ಉಸಿರು ತಾನಾಗಿ ಹದಕ್ಕೆ ಬಂತು. ಐದನೇ ಸಲ ಹತ್ತಿ ಕೂತೆ. ಆಮೇಲೆ ಇನ್ನೂ ಆರು ಸಲ ಬಿದ್ದು ಆರು ಸಲವೂ ಹತ್ತಿದೆ.

ಹೊಸ ಕಯಾಕ್ ಕೊಂಡವರು ಮೀನಿನ ಗಾಳ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇದು. ನಾನು ಎರಡು ತಿಂಗಳು ತಡವಾಗಿ ಮಾಡಿದೆ.

ಮೊದಲ ಮೀನು

ಜುಲೈನಲ್ಲಿ ಬಿಸಿಲು ನಲವತ್ತು ಡಿಗ್ರಿ ಹತ್ತಿರ ಬರುತ್ತದೆ. ಬೆಳಿಗ್ಗೆ ಆರೂವರೆಗೆ ನೀರಿನಲ್ಲಿದ್ದರೆ ಒಂಬತ್ತೂವರೆಗೆ ವಾಪಸ್. ಆ ಹೊತ್ತಿಗೆ ಮೀನುಗಳೂ ನೆರಳು ಹುಡುಕುತ್ತವೆ: ಸೇತುವೆಯ ಕಂಬ, ನೀರಿಗೆ ಬಿದ್ದ ಮರ, ದಡಕ್ಕೆ ಬಾಗಿದ ಕೊಂಬೆ. ನಾನು ಕಲಿತದ್ದು ಟೆಕ್ಸಸ್ ರಿಗ್ ಎಂಬ ವಿಧಾನ. ಮುಂದೆ ಗುಂಡಿನಾಕಾರದ ಸಣ್ಣ ತೂಕ, ಹಿಂದೆ ರಬ್ಬರಿನ ಎರೆಹುಳ. ಗಾಳದ ಮೊನೆಯನ್ನು ಹುಳದ ಮೈಯೊಳಗೇ ಮುಚ್ಚಿಡುತ್ತಾರೆ. ಹಾಗಾಗಿ ಕಡ್ಡಿ, ಜೊಂಡಿಗೆ ಸಿಕ್ಕಿಕೊಳ್ಳದೆ ಹಾದುಬರುತ್ತದೆ. ಊರಲ್ಲಿ ಹುಡುಗರು ಬಿದಿರಿನ ಕೋಲಿಗೆ ನಿಜವಾದ ಎರೆಹುಳ ಚುಚ್ಚಿ ಹೊಳೆದಂಡೆಯಲ್ಲಿ ಕೂರುತ್ತಿದ್ದರು. ನಾನು ದೂರದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ.

ಪೆಡಲ್‌ನ ಬೆಲೆ ತಿಳಿಯುವುದು ಇಲ್ಲಿಯೇ. ಗಾಳಿ ದೋಣಿಯನ್ನು ಮರದ ಕಡೆ ತಳ್ಳುತ್ತಿದ್ದರೆ ಮೆಲ್ಲಗೆ ಹಿಂದಕ್ಕೆ ತುಳಿಯುತ್ತ ಒಂದೇ ಜಾಗದಲ್ಲಿ ನಿಲ್ಲಬಹುದು, ಕೈಯಿಂದ ಗಾಳದ ದಾರ ಬಿಡಬೇಕಿಲ್ಲ. ಒಂದು ಹುಟ್ಟನ್ನು ಮಾತ್ರ ಯಾವಾಗಲೂ ದೋಣಿಗೆ ಕಟ್ಟಿಕೊಂಡಿರುತ್ತೇನೆ. ಯಂತ್ರ ಅಂದಮೇಲೆ ಕೈಕೊಡುವ ದಿನ ಬಂದೇ ಬರುತ್ತದೆ.

ನಾಲ್ಕನೇ ಬೆಳಿಗ್ಗೆ ದಾರ ಪಕ್ಕಕ್ಕೆ ಓಡಿತು. ಎಳೆದೆ. ಕೋಲು ಬಾಗಿತು, ದೋಣಿಯ ಮೂತಿಯೇ ಆ ಕಡೆ ತಿರುಗಿತು. ಮೀನು ಒಮ್ಮೆ ನೀರಿನಿಂದ ಹಾರಿ ತಲೆ ಕೊಡವಿತು. ಹಸಿರು ಮೈ, ಪಕ್ಕದಲ್ಲಿ ಕಪ್ಪು ಪಟ್ಟಿ. ಬಲೆಗೆ ಬಂದ ಮೇಲೆ ಬಾಯಿ ನೋಡಿದೆ. ಮೇಲ್ದವಡೆ ಕಣ್ಣಿನಿಂದ ಹಿಂದಕ್ಕೂ ಹೋದರೆ ಲಾರ್ಜ್‌ಮೌತ್ ಬಾಸ್, ಹೋಗದಿದ್ದರೆ ಅದರ ನೆಂಟ ಗ್ವಾಡಲೂಪ್ ಬಾಸ್ ಇರಬಹುದು. 1989ರಿಂದ ಟೆಕ್ಸಸ್‌ನ ರಾಜ್ಯ ಮೀನು ಅದು, ಈ ನದಿಯದ್ದೇ ನಿವಾಸಿ. ನನ್ನದು ಲಾರ್ಜ್‌ಮೌತ್, ಮೊಳಕ್ಕಿಂತ ಕಡಿಮೆ.

ನಮ್ಮ ಮನೆಯಲ್ಲಿ ಮೀನು ತಿನ್ನುತ್ತೇವೆ. ಅಮ್ಮನ ಹುಳಿಮೀನಿನ ನೆನಪು ಬಾರದೆ ಇರಲಿಲ್ಲ. ಆದರೆ ಕೈ ಒದ್ದೆ ಮಾಡಿಕೊಂಡು (ಒಣಗೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ), ಗಾಳ ಬಿಡಿಸಿ, ನೀರಿಗೆ ಇಳಿಸಿದೆ. ಒಂದು ಕ್ಷಣ ಅಂಗೈಯಲ್ಲೇ ಕಿವಿರಾಡಿಸುತ್ತ ನಿಂತಿತು. ಶೃಂಗೇರಿಯಲ್ಲಿ ಮಂಡಕ್ಕಿ ಎಸೆದರೆ ಮೆಟ್ಟಿಲವರೆಗೆ ಬರುವ ಮೀನುಗಳು ನೆನಪಾದವು. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲೂ ಹಾಗೇ, ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ನನ್ನ ಅಂಗಿಯ ಕಾಲರ್ ಹಿಡಿದುಕೊಂಡೇ ಮಂಡಕ್ಕಿ ಹಾಕಿಸುತ್ತಿದ್ದಳು. ಆ ಹಿಡಿತ ಕತ್ತಿಗೆ ಇನ್ನೂ ನೆನಪಿದೆ.

ಮೀನು ಹೋಯಿತು. ಫೋಟೋ ನನ್ನ ಫೋನಿನಲ್ಲಿತ್ತು. ಕಳಿಸಲು ಮನಸ್ಸಾದ ಮೊದಲ ಹೆಸರು ಅಮ್ಮನದ್ದೇ. ಕಳಿಸುವ ಹಾಗಿರಲಿಲ್ಲ.

ಬಾವಲಿಗಳು ಹಾರಿದ ಸಂಜೆ

ಆಗಸ್ಟ್‌ನ ಒಂದು ಶನಿವಾರ ಸಂಜೆ ಕಾಂಗ್ರೆಸ್ ಅವೆನ್ಯೂ ಸೇತುವೆಯ ಕೆಳಗೆ ಹೋದೆ. 1980ರಲ್ಲಿ ಸೇತುವೆ ರಿಪೇರಿ ಮಾಡಿದಾಗ ಅಡಿಭಾಗದಲ್ಲಿ ಕಿರಿದಾದ ಸಂದುಗಳು ಉಳಿದವು. ಬಾವಲಿಗಳಿಗೆ ಅದು ಹೇಳಿಮಾಡಿಸಿದ ಮನೆಯಾಯಿತು. ಈಗ ಬೇಸಿಗೆಯಲ್ಲಿ ಸುಮಾರು ಹದಿನೈದು ಲಕ್ಷ ಬಾವಲಿಗಳು ಅಲ್ಲಿರುತ್ತವೆ ಅನ್ನುವ ಅಂದಾಜು. ಮೇಲೆ ಜನ ಕಂಬಿಗೆ ಆತು ನಿಂತಿದ್ದರು. ಕೆಳಗೆ ನೀರಿನಲ್ಲಿ ಹತ್ತಾರು ಕಯಾಕ್‌ಗಳು. ಕತ್ತಲಾದ ಮೇಲೆ ನೀರಿನಲ್ಲಿರಲು ಬಿಳಿ ದೀಪ ಬೇಕು, ಅದನ್ನು ಹಿಂದೆ ಕಂಬಕ್ಕೆ ಕಟ್ಟಿದ್ದೆ.

ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಸೇತುವೆಯ ಹೊಟ್ಟೆಯಿಂದ ಹೊಗೆಯ ಹಾಗೆ ಹೊರಟವು. ಕಪ್ಪು ಹೊಳೆಯೊಂದು ಆಕಾಶದಲ್ಲಿ ಪೂರ್ವಕ್ಕೆ ಹರಿದ ಹಾಗೆ. ಕಿಚಕಿಚ ಸದ್ದು, ಒಂದು ಬಗೆಯ ಘಾಟು ವಾಸನೆ. ಅಕ್ಕಪಕ್ಕದ ದೋಣಿಯವರೆಲ್ಲ ಯಾರಿಗೋ ವಿಡಿಯೋ ಕಾಲ್ ಮಾಡಿ ತೋರಿಸುತ್ತಿದ್ದರು. ಊರಲ್ಲಿ ಆಗ ಬೆಳಿಗ್ಗೆ ಏಳು ಗಂಟೆ. ಅಮ್ಮ ಎದ್ದು ಕಾಫಿ ಕುಡಿಯುತ್ತಿರುತ್ತಾಳೆ.

ಯೋಚಿಸಿದರೆ ಧೈರ್ಯ ಹೋಗುತ್ತದೆ ಅಂತ ಯೋಚಿಸದೆ ಕಾಲ್ ಒತ್ತಿದೆ.

"ಅಮ್ಮಾ, ಇಲ್ಲಿ ನೋಡು, ಬಾವಲಿ."

ನೋಡಿದಳು. ಆಮೇಲೆ ಬಾವಲಿಯನ್ನು ಬಿಟ್ಟು ಕೆಳಗೆ ನೋಡಿದಳು. "ನೀನೆಲ್ಲಿ ಕೂತಿದೀಯ?"

"ದೋಣೀಲಿ." ಸ್ವಲ್ಪ ತಡೆದು, "ಆ ಹಸಿರು ಸಾಮಾನು ನಂದೇ ಅಮ್ಮಾ" ಅಂದೆ.

ಸುಮ್ಮನಾದಳು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. "ದಡಕ್ಕೆ ಹೋಗಿ ಫೋನ್ ಮಾಡು" ಅಂತ ಇಟ್ಟುಬಿಟ್ಟಳು.

ರ‍್ಯಾಂಪಿಗೆ ಬಂದು, ದೋಣಿ ಎಳೆದುಹಾಕಿ, ಬಿರಡೆ ತೆಗೆದು ನೀರು ಇಳಿಸುತ್ತ ಫೋನ್ ಮಾಡಿದೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪಿನ ಜೀವಿ ದೋಣಿಯ ನೀರಿನ ಜೊತೆ ಹರಡುತ್ತದೆ. ಅದಕ್ಕೇ ಇಲ್ಲಿ ದಡ ಬಿಡುವ ಮೊದಲು ನೀರೆಲ್ಲ ಖಾಲಿ ಮಾಡಬೇಕು. ಅಮ್ಮನಿಗೆ ಎಲ್ಲ ಹೇಳಿದೆ. ಗಾಳಿ ಎದುರಾದ ದಿನ, ಟ್ರ್ಯಾವಿಸ್‌ನಲ್ಲಿ ಹನ್ನೊಂದು ಸಲ ಬಿದ್ದದ್ದು, ದಡ ಕಂಡು ಈಜಲು ಹೊರಟದ್ದು, ಗೆಳೆಯ ಕೂಗಿದ್ದು.

"ನಿನ್ನ ಮಾವಂಗೆ ಈಜು ಬರ್ತಿತ್ತು ಕಣಾ" ಅಂದಳು ಅಮ್ಮ. "ನಿಂಗಿಂತ ಚೆನ್ನಾಗಿ. ಮೂರು ಜನರಲ್ಲಿ ಈಜು ಬರ್ತಿದ್ದದ್ದು ಅವನೊಬ್ಬಂಗೇ. ಬರದೇ ಇರೋರಿಬ್ರು ದೋಣಿ ಹಿಡ್ಕಂಡು ತೇಲಿ ಕೆಳಗೆ ಎಲ್ಲೋ ದಡ ಸೇರಿದ್ರು. ಇವ್ನು ದಡ ಹತ್ರ ಕಂಡ್ತು ಅಂತ ದೋಣಿ ಬಿಟ್ಟ."

ಮೂವತ್ತು ವರ್ಷದಲ್ಲಿ ಇದನ್ನು ಅಮ್ಮ ನನಗೆ ಹೇಳಿದ್ದು ಅದೇ ಮೊದಲು. ನನಗೆ ಮಾತು ಹೊರಡಲಿಲ್ಲ. ದೋಣಿಯ ಹಿಂದಿನ ತೂತಿನಿಂದ ನೀರು ಸಣ್ಣಗೆ ಸುರಿಯುತ್ತಲೇ ಇತ್ತು.

"ಆ ಜಾಕೆಟ್ಟು," ಅಂದಳು, "ಬಿಸಿಲು ಅಂತ ತೆಗೀತೀಯಾ?"

"ಇಲ್ಲಮ್ಮಾ."

"ತೆಗೀಬ್ಯಾಡ."

ಹೋಗಬೇಡ ಅನ್ನಲಿಲ್ಲ.

ಈಗ ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡಿದೆ. ನೀರಿಗಿಳಿಯುವ ಮೊದಲು ಜಾಕೆಟ್ ಹಾಕಿದ ಫೋಟೋ, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ವಾಪಸ್, ಇಷ್ಟನ್ನೂ ವಾಟ್ಸಾಪ್‌ನಲ್ಲಿ ಕಳಿಸಬೇಕು. ಹಾಸನದ ಗೆಳೆಯನಿಗೂ ಅದೇ ಮೆಸೇಜು ಹೋಗುತ್ತದೆ. ಹೊತ್ತು ಮೀರಿದರೆ ಇಲ್ಲಿ ಓಡಿಬರಲು ಒಬ್ಬರು ಬೇಕಲ್ಲ. ಕಯಾಕ್‌ನವರು ಇದಕ್ಕೆ ಫ್ಲೋಟ್ ಪ್ಲಾನ್ ಅನ್ನುತ್ತಾರೆ. ಹೊನ್ನೇಮರಡುವಿನ ಹಿನ್ನೀರಿಗೋ ಸಾಲಿಗ್ರಾಮದ ಕಾಂಡ್ಲಾಗಿಡಗಳ ನಡುವಿನ ಕಯಾಕಿಂಗ್‌ಗೋ ಹೋಗುವವರಿಗೂ ಇದು ಅಷ್ಟೇ ಬೇಕು. ದೋಣಿಯಲ್ಲಿ ಪೆಡಲ್ ಇರಲಿ, ಹುಟ್ಟು ಇರಲಿ, ನೀರು ಒಂದೇ.

ನಾನು ಬೆಳಿಗ್ಗೆ ಆರೂವರೆಗೆ ಹೊರಟರೆ ಊರಲ್ಲಿ ಸಂಜೆ ಐದು. ವಾಪಸ್ ಬರುವ ಹೊತ್ತಿಗೆ ಅಲ್ಲಿ ರಾತ್ರಿ ಎಂಟು, ಅಮ್ಮನ ಧಾರಾವಾಹಿ ಸಮಯ. ಹೋದ ವಾರ ಒಂದು ಬಾಸ್ ಕಾಡಿಸಿ ಹತ್ತು ನಿಮಿಷ ತಡವಾಯಿತು. ದಡಕ್ಕೆ ಬಂದು ಫೋನ್ ನೋಡಿದರೆ ನಾಲ್ಕು ಮಿಸ್ಡ್ ಕಾಲ್, ಒಂದು ವಾಯ್ಸ್ ಮೆಸೇಜು.

"ಎಂಟೂ ಹತ್ತಾಯ್ತು. ಸೀರಿಯಲ್ಲೂ ನೋಡಕ್ಕಾಗ್ಲಿಲ್ಲ. ಮೀನು ಸಿಕ್ತನಾ?"